ಮುಚ್ಚಳದ ಒಳಗಿನ ಗುರುತು

ನಮ್ಮಣ್ಣನಿಗೆ ವ್ಯಾಪಾರ ಮಾಡಲು ಬರುವುದಿಲ್ಲ. ಇದನ್ನು ಅವನ ಮುಖದ ಮೇಲೆಯೇ ನೂರು ಸಲ ಹೇಳಿದ್ದೇನೆ, ಆದ್ದರಿಂದ ಇಲ್ಲಿ ಬರೆಯಲು ಸಂಕೋಚವೇನಿಲ್ಲ. ನಲವತ್ತೆರಡು ವರ್ಷದಿಂದ ವಾಚು ರಿಪೇರಿ ಮಾಡುತ್ತಿದ್ದಾನೆ. ಅಪ್ಪ ಕೂರುತ್ತಿದ್ದ ಅದೇ ಕುರ್ಚಿ, ಎದೆಮಟ್ಟಕ್ಕೆ ಬರುವ ಅದೇ ಮೇಜು, ಸ್ಕ್ರೂ ಉರುಳಿ ನೆಲಕ್ಕೆ ಬೀಳದ ಹಾಗೆ ಮೇಜಿನ ಅಂಚಿಗೆ ಅಪ್ಪನೇ ಹೊಡೆದ ಮರದ ಪಟ್ಟಿ. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತನೆಂದರೆ ಪಕ್ಕದ ಮನೆ ಹೊತ್ತಿ ಉರಿದರೂ ಅವನಿಗೆ ಗೊತ್ತಾಗುವುದಿಲ್ಲ. ಗಿರಾಕಿ "ಎಷ್ಟಾಯ್ತು?" ಎಂದು ಕೇಳಿದ ಕೂಡಲೇ ಮಾತ್ರ ಮುಖ ಹರಳೆಣ್ಣೆ ಕುಡಿದವನ ಹಾಗಾಗುತ್ತದೆ. "ನಿಮಗೆ ಎಷ್ಟು ಅನ್ಸತ್ತೋ ಅಷ್ಟು ಕೊಡಿ" ಎನ್ನುತ್ತಾನೆ. ಗಿರಾಕಿಗೆ ಎಷ್ಟು ಅನ್ನಿಸುತ್ತದೆ ಎಂಬುದನ್ನು ನಾನೇನೂ ಬಿಡಿಸಿ ಹೇಳಬೇಕಾಗಿಲ್ಲ.

ರಸ್ತೆಯ ಕಡೆಗೆ ಅಂಗಡಿ, ಅದರ ಹಿಂದೆ ಎರಡು ಕೋಣೆ, ಒಂದು ಅಡುಗೆಮನೆ. ಅತ್ತಿಗೆ ತೀರಿಕೊಂಡ ಮರುವರ್ಷವೇ ನನ್ನ ಗಂಡನೂ ಹೋದರು. ಇಬ್ಬರಿಗೂ ಮಕ್ಕಳಿಲ್ಲ. ಎರಡು ಕಡೆ ಬಾಡಿಗೆ ಕಟ್ಟುವುದು ಯಾಕೆಂದು ನಾನು ಎರಡು ಪೆಟ್ಟಿಗೆ ಹಿಡಿದುಕೊಂಡು ಇಲ್ಲಿಗೆ ಬಂದೆ. ನಾನು ಶಾಲೆಯೊಂದರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವಳು. ಅವನದು ಕೈ, ನನ್ನದು ನಾಲಿಗೆ. ಹೀಗೆ ಸಂಸಾರ ಸಾಗಿತು. ಅರವತ್ತೊಂದು ತುಂಬಿದ ನನ್ನನ್ನು ಅವನು ಇವತ್ತಿಗೂ ಪುಟ್ಟಿ ಎಂದೇ ಕರೆಯುತ್ತಾನೆ.

ವಾಚು ರಿಪೇರಿಯವರಲ್ಲಿ ಒಂದು ಹಳೆಯ ಅಭ್ಯಾಸವಿದೆ. ವಾಚಿನ ಹಿಂಬದಿಯ ಮುಚ್ಚಳ ತೆಗೆದರೆ ಅದರ ಒಳಮೈಯಲ್ಲಿ, ಕೈಗೆ ಕಟ್ಟಿಕೊಂಡವರ ಕಣ್ಣಿಗೆ ಎಂದೂ ಬೀಳದ ಜಾಗದಲ್ಲಿ, ಸೂಜಿಯಿಂದ ತಮ್ಮ ಗುರುತು ಗೀಚುತ್ತಾರೆ. ಅಪ್ಪನ ಗುರುತು ಒಂದು ಸಣ್ಣ ತ್ರಿಕೋನ, ಅದರ ಕೆಳಗೆ ತಿಂಗಳು, ವರ್ಷ. ಅಣ್ಣನದೂ ಅದೇ ತ್ರಿಕೋನ, ಒಳಗೊಂದು ಚುಕ್ಕೆ ಹೆಚ್ಚು. ಹತ್ತು ಹದಿನೈದು ವರ್ಷದ ನಂತರ ಅದೇ ವಾಚು ತಿರುಗಿ ಬಂದಾಗ ಇದನ್ನು ಬಿಚ್ಚಿದ್ದು ಯಾರು, ಯಾವಾಗ ಎಂದು ಗೊತ್ತಾಗಲಿ ಎಂಬುದಕ್ಕೆ ಈ ಏರ್ಪಾಡು. ಕೆಲವೊಮ್ಮೆ ಅಣ್ಣ ಮುಚ್ಚಳ ತೆಗೆದವನೇ ನನ್ನನ್ನು ಕರೆಯುತ್ತಿದ್ದ. "ಬಾ ಪುಟ್ಟಿ, ಅಪ್ಪ ಬಂದಿದಾರೆ ನೋಡು." ನಾನು ಒಲೆ ಸಣ್ಣ ಮಾಡಿ ಹೋಗಿ ನೋಡುತ್ತಿದ್ದೆ.

ಕೆಲಸ ಪೂರ್ತಿ ಮುಗಿದು, ಒಂದು ಹಗಲು ಒಂದು ರಾತ್ರಿ ವಾಚು ನಿಲ್ಲದೆ ನಡೆದರೆ ಮಾತ್ರ ಅಣ್ಣ ಗುರುತು ಹಾಕುತ್ತಿದ್ದ. ಅರೆಬರೆ ಕೆಲಸಕ್ಕೆ ಹಾಕುತ್ತಿರಲಿಲ್ಲ. ಹಾಗಾಗಿ ಅದು ಅವನ ಸಹಿಯೆಂದರೂ ಆಯಿತು, ಮಾತೆಂದರೂ ಆಯಿತು.

ಎಲ್ಲರ ಕೈಗೂ ಫೋನು ಬಂದು, ಸಮಯ ನೋಡಲು ವಾಚೇ ಬೇಕಿಲ್ಲ ಎಂದಾಗಿ, ಅಂಗಡಿಯಲ್ಲಿ ನೊಣ ಹೊಡೆಯುತ್ತಾ ಕೂರುವ ಕಾಲ ಬಂತು. ಆಗ ಆನ್‌ಲೈನ್ ಹರಾಜಿನ ದಾರಿ ತೋರಿಸಿದವಳು ನಾನೇ. ಅದಾಗಿ ಹದಿನಾಲ್ಕು ವರ್ಷ. ಗುಜರಿಯವನಿಂದ ತೂಕಕ್ಕೆ ತಂದ ಸತ್ತ ವಾಚುಗಳಿಗೆ ಜೀವ ಕೊಡುವುದು ಅಣ್ಣನ ಕೆಲಸ. ಫೋಟೊ ತೆಗೆದು, ವಿವರ ಬರೆದು ಹರಾಜಿಗೆ ಇಡುವುದು ನನ್ನ ಕೆಲಸ. ವಿವರವನ್ನು ಅವನು ಹೇಳುತ್ತಿದ್ದ, ನಾನು ಫೋನಿನಲ್ಲಿ ಒತ್ತುತ್ತಿದ್ದೆ.

"ಬರ್ಕೋ. ಗಾಜಿನ ಮೇಲೆ, ನಾಲ್ಕರ ಹತ್ರ, ಒಂದು ಗೀರಿದೆ."

"ಆಮೇಲೆ?"

"ದಿನಕ್ಕೆ ಒಂದೂವರೆ ನಿಮಿಷ ಹಿಂದೆ ಬೀಳತ್ತೆ. ಕೀಲಿ ಕೊಡೋ ಗುಂಡಿ ಇದರದ್ದಲ್ಲ, ಬೇರೆ ವಾಚಿಂದು. ನೀರು ತಾಗಿಸ್ಬಾರ್ದು."

"ಅಣ್ಣ, ನೀನು ಮಾರೋಕೆ ಕೂತಿದೀಯೋ, ತಪ್ಪೊಪ್ಪಿಗೆ ಕೊಡೋಕೆ ಕೂತಿದೀಯೋ? ಒಂದಾದ್ರೂ ಒಳ್ಳೆ ಮಾತು ಹೇಳು."

ಅವನು ಸ್ವಲ್ಪ ಯೋಚಿಸಿ, "ಟಿಕ್ ಟಿಕ್ ಸದ್ದು ಚೆನ್ನಾಗಿದೆ ಅಂತ ಬರಿ" ಎಂದಿದ್ದ.

ನಗುವುದೋ ಅಳುವುದೋ ತಿಳಿಯಲಿಲ್ಲ. ಹಾಗೆಯೇ ಹಾಕಿದೆ. ಆಶ್ಚರ್ಯವೆಂದರೆ ಜನ ಅದಕ್ಕೇ ಬಂದರು. ದೋಷಗಳ ಪಟ್ಟಿ ಮೊದಲು, ವಾಚಿನ ಹೆಸರು ಆಮೇಲೆ ಬರುವ ಅಂಗಡಿ ಅಲ್ಲಿ ನಮ್ಮದೊಂದೇ. ಕೊಂಡವರು ಬರೆಯುವ ಅಭಿಪ್ರಾಯಗಳಲ್ಲಿ ಒಂದೇ ಮಾತು ಮತ್ತೆ ಮತ್ತೆ ಬರುತ್ತಿತ್ತು: "ಹೇಳಿದ್ದಕ್ಕಿಂತ ಚೆನ್ನಾಗಿದೆ." ಸಂಜೆ ಚಹಾದ ಹೊತ್ತಿಗೆ ನಾನು ಅವನ್ನು ಗಟ್ಟಿಯಾಗಿ ಓದುತ್ತಿದ್ದೆ. ಅಣ್ಣ ಕೇಳಿಸದವನ ಹಾಗೆ ಲೋಟದೊಳಗೆ ನೋಡುತ್ತಿದ್ದ. ಒಂದು ದಿನ ಓದದಿದ್ದರೆ, "ಇವತ್ತು ಯಾರೂ ಏನೂ ಬರ್ದಿಲ್ವೇನು?" ಎಂದು ಮೆಲ್ಲಗೆ ಕೇಳುತ್ತಿದ್ದ. ಸಾವಿರದ ಇನ್ನೂರು ವಾಚು ಮಾರಿದ್ದೆವು. ನಮ್ಮ ಖಾತೆಯ ಹೆಸರಿನ ಪಕ್ಕದಲ್ಲಿ ನೂರಕ್ಕೆ ನೂರು ಎಂದು ಹಸಿರು ಅಕ್ಷರದಲ್ಲಿ ಇರುತ್ತಿತ್ತು. ಅವನ ಜೀವಮಾನದಲ್ಲಿ ಯಾರಾದರೂ ಅವನಿಗೆ ಅಂಕ ಕೊಟ್ಟಿದ್ದು ಅದೊಂದೇ. ಶಾಲೆಯಲ್ಲಂತೂ ಕೊಟ್ಟಿರಲಿಲ್ಲ.

ಇನ್ನೊಂದು ಹುಚ್ಚು ಅವನಿಗಿತ್ತು. ಪ್ರತಿ ಪೊಟ್ಟಣದಲ್ಲೂ ಕೈಯಲ್ಲಿ ಬರೆದ ಚೀಟಿಯೊಂದನ್ನು ಇಡುತ್ತಿದ್ದ. ಅಂಗಡಿಯ ವಿಳಾಸ, ಕೆಳಗೆ ಎರಡು ಸಾಲು: "ನಿಂತರೆ ತನ್ನಿ. ನೋಡಿಕೊಡುತ್ತೇನೆ." ಎಷ್ಟು ವರ್ಷದವರೆಗೆ ಎಂದು ಬರೆಯುತ್ತಲೇ ಇರಲಿಲ್ಲ. "ನಿನ್ನ ಆಯುಸ್ಸು ಇರೋವರೆಗೂ ಗ್ಯಾರಂಟಿನಾ?" ಎಂದು ನಾನು ಛೇಡಿಸಿದರೆ, "ಇನ್ನೇನು ಮತ್ತೆ" ಎನ್ನುತ್ತಿದ್ದ. ಈ ಚೀಟಿಯ ವಿಷಯ ನೆನಪಿಡಿ. ನಾನು ಮರೆತುಬಿಟ್ಟೆ.

ಮೊದಮೊದಲು ಮಾರಿದ ಬೆಲೆಯಲ್ಲಿ ನೂರಕ್ಕೆ ಐದು ಪಾಲು ಆ ಹರಾಜಿನ ತಾಣದವರಿಗೆ ಹೋಗುತ್ತಿತ್ತು. ಅದು ನ್ಯಾಯವೇ, ಜಾಗ ಅವರದು. ಅದು ಎಂಟಾಯಿತು, ಹತ್ತಾಯಿತು, ಹದಿಮೂರಾಯಿತು. ಆಮೇಲೆ ಹರಾಜಿಗೆ ಇಟ್ಟಿದ್ದಕ್ಕೇ ಒಂದು ಶುಲ್ಕ, ವಾಚು ಮಾರಾಟವಾಗಲಿ ಬಿಡಲಿ. ಬಂದ ಹಣವನ್ನು ನಮ್ಮ ಬ್ಯಾಂಕಿಗೆ ದಾಟಿಸಿದ್ದಕ್ಕೆ ಇನ್ನೊಂದು. ನಾವು ಕೊರಿಯರ್‌ನವನಿಗೆ ಕೊಡುವ ದುಡ್ಡಿನ ಮೇಲೂ ಅವರಿಗೆ ಪಾಲು ಬೇಕಂತೆ. ನಾವು ಸುತ್ತುವ ಕಾಗದಕ್ಕೆ, ಹಚ್ಚುವ ಅಂಟಿಗೆ ಇವರ ಅಪ್ಪನ ಮನೆಯ ಗಂಟೇನು ಹೋಗಿತ್ತೋ. ಪ್ರತಿ ಏರಿಕೆಯ ಮುಂಚೆ ಒಂದು ಸಂದೇಶ ಬರುತ್ತಿತ್ತು. ತಲೆಬರಹ ಯಾವಾಗಲೂ ಒಂದೇ: "ನಮ್ಮ ನೆಚ್ಚಿನ ಮಾರಾಟಗಾರರಿಗೆ ಸಿಹಿ ಸುದ್ದಿ." ಆ ಸಿಹಿ ಸುದ್ದಿ ಕಂಡರೆ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಕೊನೆಗೆ ಮೊದಲ ಪುಟದಲ್ಲಿ ಕಾಣಿಸಿಕೊಳ್ಳುವುದಕ್ಕೆ ಬೇರೆ ಶುಲ್ಕ ಬಂತು. ಕಟ್ಟಲಿಲ್ಲ. ನಮ್ಮನ್ನು ನಲವತ್ತನೆಯ ಪುಟಕ್ಕೆ ತಳ್ಳಿದರು. ಮೊದಲ ಪುಟದಲ್ಲಿ ಕಟ್ಟಿದವರಿದ್ದರು. ಹೊಳೆಹೊಳೆಯುವ ಫೋಟೊ, "ಹೊಚ್ಚಹೊಸ ಹಳೆಯ ವಾಚು" ಎಂಬ ಹೊಗಳಿಕೆ. ಹೊಚ್ಚಹೊಸ ಹಳೆಯದು ಹೇಗಿರುತ್ತದೋ ದೇವರಿಗೇ ಗೊತ್ತು.

ಆ ಹೊಳೆಯುವ ವಾಚು ಕೊಂಡು ಕೈ ಸುಟ್ಟುಕೊಂಡ ಜನ ನಮ್ಮ ಮೇಲೂ ಅನುಮಾನ ಪಡತೊಡಗಿದರು. "ಇದು ಅಸಲಿಯೇ?" "ನಡೆಯುವ ವೀಡಿಯೊ ಕಳಿಸಿ." "ಇವತ್ತಿನ ತಾರೀಖು ಬರೆದ ಕಾಗದ ಪಕ್ಕದಲ್ಲಿಟ್ಟು ಫೋಟೊ ತೆಗೆಯಿರಿ." ಒಬ್ಬನಂತೂ ಮಾರುವವರ ಮುಖವೂ ಕಾಣಬೇಕೆಂದ. ಅಣ್ಣ ತಾರೀಖಿನ ಕಾಗದವನ್ನು ಎದೆಗೆ ಹಿಡಿದು ಗೋಡೆಗೆ ಒರಗಿ ನಿಂತ. ಪೊಲೀಸರು ಕಳ್ಳನ ಫೋಟೊ ತೆಗೆಯುವ ಹಾಗೇ ಇತ್ತು. ನಾನು ಫೋನು ಕೆಳಗಿಟ್ಟು, "ಹೋಗ್ಲಿ ಬಿಡು, ಇವನಿಗೆ ಮಾರೋದೇ ಬೇಡ" ಎಂದೆ. ಅವನು, "ಪಾಪ, ಎಲ್ಲೋ ಮೋಸ ಹೋಗಿರ್ಬೇಕು. ತೆಗಿ" ಎಂದ.

ಆಗಲೇ ನಾನು ಹೇಳಿದ್ದೆ. "ಹೇಗೂ ಇಷ್ಟೆಲ್ಲಾ ತೋರಿಸ್ತಿದೀವಿ, ಒಳಗಿನ ಗುರುತಿಂದೂ ಒಂದು ಫೋಟೊ ತೆಗ್ದಿಡೋಣ."

ಅವನು ಮೊದಲ ಸಲ ಹುಬ್ಬು ಗಂಟಿಕ್ಕಿದ. "ಅದು ತೋರಿಸೋಕೆ ಅಲ್ಲ ಪುಟ್ಟಿ. ತೋರಿಸಿದ್ರೆ ನಾಳೆ ಯಾರು ಬೇಕಾದ್ರೂ ಗೀಚ್ಕೋತಾರೆ. ಆಮೇಲೆ ಅದಕ್ಕೇನು ಬೆಲೆ?"

ಅವನ ಮಾತು ಸರಿಯೆಂದೇ ನನಗೂ ಅನ್ನಿಸಿತು. ನಾವಿಬ್ಬರೂ ಸೇರಿ ಮಾಡಿದ ತಪ್ಪು ಅದು.

ಹೋದ ವರ್ಷ ಒಂದು ವಾಚು ಬಂತು. ಬಿಳಿಯ ಡಯಲ್, ನೀಲಿ ಮುಳ್ಳುಗಳು, ಕೈಯಿಂದ ಕೀಲಿ ಕೊಡುವಂಥದ್ದು. ಅದರೊಳಗಿನ ಒಂದು ಚಕ್ರದ ಹಲ್ಲು ಮುರಿದಿತ್ತು. ಆ ಚಕ್ರಕ್ಕಾಗಿ ಅಣ್ಣ ಏಳು ವಾರ ಹುಡುಕಿದ. ಸಿಗದೆ ಕೊನೆಗೆ ತಾನೇ ಅರದಿಂದ ತಿಕ್ಕಿ ಒಂದು ಹಲ್ಲು ಕೂರಿಸಿದ. ಹದಿನಾಲ್ಕು ವರ್ಷದಲ್ಲಿ ನಾವು ಹರಾಜಿಗೆ ಇಟ್ಟಿದ್ದರಲ್ಲಿ ಅದೇ ದುಬಾರಿ. ಕೊಂಡವರ ಖಾತೆಯೂ ನಮ್ಮದರಷ್ಟೇ ಹಳೆಯದು, ಮುನ್ನೂರು ಒಳ್ಳೆಯ ಅಭಿಪ್ರಾಯ. ಅಣ್ಣ ಚೀಟಿಯನ್ನು ಎರಡು ಸಲ ಬರೆದ, ಮೊದಲನೆಯದರಲ್ಲಿ ಅಕ್ಷರ ಸೊಟ್ಟಗಾಯಿತೆಂದು.

ಎಂಟನೆಯ ದಿನ ದೂರು ಬಂತು: ವಾಚು ನಡೆಯುತ್ತಿಲ್ಲ, ಹಿಂದಕ್ಕೆ ಕಳಿಸುತ್ತೇವೆ. ಪೊಟ್ಟಣ ಬಂದಾಗ ಅದನ್ನು ನಾನೇ ಒಡೆದೆ. ಬಿಳಿಯ ಡಯಲ್, ನೀಲಿ ಮುಳ್ಳು, ಎಲ್ಲಾ ಅದೇ. ಅಣ್ಣ ಕೈಗೆ ತೆಗೆದುಕೊಂಡವನೇ ತೂಗಿ ನೋಡಿದ. ಮುಚ್ಚಳ ತೆಗೆದ. ಒಳಗೆಲ್ಲ ತುಕ್ಕು. ಮುಚ್ಚಳದ ಒಳಮೈ ಬೋಳು.

"ನಮ್ದಲ್ಲ ಇದು" ಎಂದ.

ನಮ್ಮ ವಾಚು ಇಟ್ಟುಕೊಂಡು, ಅದೇ ಮಾದರಿಯ ಸತ್ತ ವಾಚೊಂದನ್ನು ಕಳಿಸಿದ್ದರು. ನಾನು ತಾಣದವರಿಗೆ ಬರೆದೆ. ಉತ್ತರ ಕೊಟ್ಟಿದ್ದು ಮನುಷ್ಯರೋ ಯಂತ್ರವೋ ತಿಳಿಯದು. ಏನು ಕೇಳಿದರೂ "ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ" ಎಂಬ ಗಿಣಿಪಾಠ. ಗುರುತಿನ ವಿಷಯ ಹೇಳಿದೆ. ಕಳಿಸುವ ಮುಂಚೆ ತೆಗೆದ ಗುರುತಿನ ಫೋಟೊ ಕೊಡಿ ಎಂದರು. ಇರಲಿಲ್ಲ. ಎರಡು ದಿನದಲ್ಲಿ ತೀರ್ಪು ಬಂತು. ಪೂರ್ತಿ ಹಣ ಕೊಂಡವರಿಗೆ ವಾಪಸ್, ಎರಡೂ ಕಡೆಯ ಕೊರಿಯರ್ ಖರ್ಚು ನಮ್ಮದು, ತಾಣದ ಶುಲ್ಕ ಮಾತ್ರ ಹಿಂದಿರುಗುವುದಿಲ್ಲ. ಆ ವಾಚಿನ ದುಡ್ಡಿನಲ್ಲಿ ನಾವು ಆಗಲೇ ಗುಜರಿಯವನಿಂದ ಹೊಸ ಮೂಟೆ ತಂದಾಗಿತ್ತು. ಖಾತೆಯಲ್ಲಿ ಸೊನ್ನೆಗಿಂತ ಕೆಳಗೆ ಕೆಂಪಕ್ಷರದಲ್ಲಿ ಬಾಕಿ ನಿಂತಿತು.

ಅಣ್ಣನಿಗೆ ಅದು ಅಷ್ಟು ನಾಟಲಿಲ್ಲ. ನಾಟಿದ್ದು ಕೊಂಡವರು ಬರೆದ ಅಭಿಪ್ರಾಯ. ಒಂದೇ ಪದ: "ವಂಚಕ." ನೂರಕ್ಕೆ ನೂರು ಹೋಗಿ ತೊಂಬತ್ತೊಂಬತ್ತು ಚಿಲ್ಲರೆ ಆಯಿತು. "ಸ್ವಲ್ಪ ದೊಡ್ಡದು ಮಾಡು" ಎಂದು ಫೋನು ಇಸಿದುಕೊಂಡ. ಬಹಳ ಹೊತ್ತು ನೋಡಿದ. ಸಾವಿರದ ಇನ್ನೂರು ಜನ ಹೇಳಿದ್ದನ್ನು ಒಬ್ಬ ಕಳ್ಳನ ಒಂದು ಪದ ಹೇಗೆ ಅಳಿಸುತ್ತದೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ, ಆದರೆ ಅವನ ಮುಖದಲ್ಲಿ ಅಳಿಸಿಹೋಗಿದ್ದನ್ನು ಕಣ್ಣಾರೆ ಕಂಡೆ. ಮಧ್ಯಾಹ್ನ ಮೂರು ಗಂಟೆಗೇ ಅಂಗಡಿಯ ಶಟರ್ ಎಳೆದ. ಮೂರು ದಿನ ಭೂತಗನ್ನಡಿ ಮುಟ್ಟಲಿಲ್ಲ. ನಾಲ್ಕನೆಯ ದಿನ ಊಟ ಮಾಡುತ್ತಾ ಹೇಳಿದ:

"ಖಾತೆ ಮುಚ್ಚಿಬಿಡು ಪುಟ್ಟಿ. ಆ ಜಾಗದಲ್ಲಿ ನನ್ನ ಹೆಸರು ಇರೋದು ಬೇಡ."

ಮುಚ್ಚಲು ಹೋದೆ. ಬಾಕಿ ತೀರಿಸದೆ ಖಾತೆ ಮುಚ್ಚಲಾಗುವುದಿಲ್ಲ ಎಂದು ಬಂತು. ನನ್ನ ಮೈಯೆಲ್ಲ ಉರಿದುಹೋಯಿತು. ದೋಚಿಸಿಕೊಂಡವರು ನಾವು, ದೋಚಿದವನ ಪರ ತೀರ್ಪು ಕೊಟ್ಟವರು ಅವರು, ಹೊರಗೆ ಹೋಗಬೇಕೆಂದರೆ ಬಾಗಿಲಲ್ಲಿ ಮತ್ತೆ ನಾವೇ ದುಡ್ಡು ಕೊಡಬೇಕು. ಒಂದು ಕಾಸು ಬಿಚ್ಚುವುದಿಲ್ಲ ಎಂದು ಹಟ ಹಿಡಿದೆ. ಅಣ್ಣನಿಗೆ "ಮುಚ್ತಾ ಇದೀನಿ, ಸ್ವಲ್ಪ ಟೈಮ್ ಆಗತ್ತಂತೆ" ಎಂದು ಹೇಳಿದೆ.

ಅದೇ ವಾರ ಯಾರೋ ಒಬ್ಬರಿಂದ ಸಂದೇಶ ಬಂತು. "ಹತ್ತು ವರ್ಷ ದಾಟಿದ, ಒಳ್ಳೆಯ ಅಭಿಪ್ರಾಯಗಳಿರುವ ಖಾತೆಗಳನ್ನು ಕೊಳ್ಳುತ್ತೇವೆ. ಬಾಕಿಯಿದ್ದರೆ ನಾವೇ ತೀರಿಸುತ್ತೇವೆ."

ಇಂಥವರು ಖಾತೆ ಕೊಂಡು ಏನು ಮಾಡುತ್ತಾರೆಂದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮುನ್ನೂರು ಒಳ್ಳೆಯ ಅಭಿಪ್ರಾಯವಿದ್ದ ಹಳೆಯ ಖಾತೆಯವನು ಇದ್ದಕ್ಕಿದ್ದಂತೆ ಕಳ್ಳನಾದದ್ದು ಹೇಗೆಂದು ನಾನು ಯೋಚಿಸುತ್ತಲೇ ಇದ್ದೆ. ಆ ಸಂದೇಶ ಓದಿದ ಕೂಡಲೇ ಉತ್ತರ ಸಿಕ್ಕಿತ್ತು. ಅವನದೂ ಯಾರಿಂದಲೋ ಹೀಗೇ ಕೊಂಡ ಹೆಸರು. ಎಲ್ಲ ತಿಳಿದೂ ನಾನು ಆ ನಂಬರಿಗೆ ಫೋನು ಮಾಡಿದೆ. ಹೊಟ್ಟೆಯ ಉರಿ ಹಾಗಿತ್ತು. ಆ ತಾಣ ಕಳ್ಳರಿಂದಲೇ ತುಂಬಿ ಹಾಳಾಗಿ ಹೋಗಲಿ, ನಮಗೇನು ಎಂದುಕೊಂಡೆ. ಅಲ್ಲಿ ಕೊಳ್ಳುವವರೂ ಇರುತ್ತಾರೆ ಎಂಬುದನ್ನು ಯೋಚಿಸಲು ನನ್ನ ಮನಸ್ಸು ಒಪ್ಪಲಿಲ್ಲ.

ಅತ್ತ ಕಡೆಯ ದನಿ ಬಹಳ ವಿನಯದ್ದು. ಮಾತಿಗೊಂದು ಸಲ ಅಮ್ಮಾ ಎನ್ನುತ್ತಿತ್ತು. "ಹೆಸರು, ಫೋಟೊ ಏನೂ ತೆಗೀಬೇಡಿ ಅಮ್ಮಾ. ಹಾಗೇ ಇರ್ಲಿ. ಅದಕ್ಕೇ ತಾನೆ ಬೆಲೆ." ಆ ಮಾತಿಗಾದರೂ ನಾನು ಫೋನು ಇಡಬೇಕಿತ್ತು. ಇಡಲಿಲ್ಲ. ಪಾಸ್‌ವರ್ಡ್ ಹೇಳಿದೆ. ಅದು ಅತ್ತಿಗೆಯ ಹೆಸರಾಗಿತ್ತು.

ಬಾಕಿ ತೀರಿ, ಮೇಲೆ ಒಂದಿಷ್ಟು ದುಡ್ಡು ಬಂತು. ಅಣ್ಣನ ಮೇಜಿನ ದೀಪ ಹಳೆಯದಾಗಿ ಮಿಣುಕುತ್ತಿತ್ತು. ಬಗ್ಗಿ ಬಗ್ಗಿ ಅವನ ಕತ್ತು ಹಿಡಿದುಕೊಳ್ಳುತ್ತಿತ್ತು. ನಾನು ಬಿಳಿಯ ಬೆಳಕಿನ, ಬೇಕಾದ ಕಡೆ ಬಗ್ಗಿಸಬಹುದಾದ ಒಂದು ದೀಪ ತಂದೆ. ನನ್ನ ಪಿಂಚಣಿಯದೆಂದು ಹೇಳಿದೆ. ಅಣ್ಣ ಅದನ್ನು ಹತ್ತಿಸಿ, ಆರಿಸಿ, ಮತ್ತೆ ಹತ್ತಿಸಿ ನೋಡಿದ. "ಹತ್ತು ವರ್ಷ ಮೊದ್ಲೇ ತಂದಿದ್ರೆ ನನ್ನ ಕಣ್ಣು ಉಳೀತಿತ್ತಲ್ಲೇ" ಎಂದು ನಕ್ಕ. ವಂಚಕ ಎಂಬ ಪದ ಬಂದ ಮೇಲೆ ಅವನು ನಕ್ಕಿದ್ದು ಅದೇ ಮೊದಲು. ಖಾತೆ ಮುಚ್ಚಿತಾ ಎಂದು ಕೇಳಿದ. ಮುಚ್ಚಿತು ಎಂದೆ.

ನಾಲ್ಕು ತಿಂಗಳು ಚೆನ್ನಾಗಿತ್ತು. ಆನ್‌ಲೈನ್ ಇಲ್ಲ, ಸಿಹಿ ಸುದ್ದಿ ಇಲ್ಲ. ಬೀದಿಯವರ ವಾಚುಗಳಿಗೆ ಸೆಲ್ಲು ಹಾಕುವುದು, ಬೆಲ್ಟು ಬದಲಿಸುವುದು, ಅಪರೂಪಕ್ಕೆ ಒಂದು ಹಳೆಯ ಗಡಿಯಾರ. ದುಡ್ಡು ಕಡಿಮೆ, ಆದರೆ ಅಣ್ಣ ಮತ್ತೆ ಕೆಲಸ ಮಾಡುತ್ತಾ ಗುನುಗತೊಡಗಿದ್ದ. ನಾನು ಮಾಡಿದ್ದು ಒಳ್ಳೆಯದೇ ಆಯಿತೇನೋ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಒಂದು ಬೆಳಗ್ಗೆ ಹನ್ನೊಂದರ ಹೊತ್ತಿಗೆ ಒಬ್ಬ ಹೆಂಗಸು ಬಂದಳು. ಐವತ್ತರ ಸುಮಾರು, ಆಸ್ಪತ್ರೆಯ ನರ್ಸಿನ ಬಿಳಿ ಉಡುಪಿನ ಮೇಲೆ ಸ್ವೆಟರ್. ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದಳು, ಕಣ್ಣು ಕೆಂಪಾಗಿತ್ತು. ಕೈಯಲ್ಲೊಂದು ಮಾಸಿದ ಚೀಟಿ. ಅದರಲ್ಲಿ ಅಣ್ಣನ ಅಕ್ಷರ.

"ಇದು ನಿಮ್ಮಂಗಡೀನೇ ಅಲ್ವಾ? ಎರಡು ಬಸ್ಸು ಬದಲಾಯಿಸಿ ಬಂದೆ."

ಅವಳ ಮಣಿಕಟ್ಟಿನಲ್ಲಿ ಇದ್ದುದು ಆರು ವರ್ಷದ ಹಿಂದೆ ನಮ್ಮಿಂದಲೇ ಕೊಂಡ ವಾಚು. ರೋಗಿಗಳ ನಾಡಿ ಎಣಿಸಲು ಸೆಕೆಂಡಿನ ಮುಳ್ಳು ಸ್ಪಷ್ಟವಾಗಿ ಕಾಣಬೇಕೆಂದು ಆರಿಸಿದ್ದಳಂತೆ. ಒಂದು ದಿನವೂ ನಿಂತಿರಲಿಲ್ಲ. ಈಗ ಮಗಳಿಗೂ ನರ್ಸಿನ ಕೆಲಸ ಸಿಕ್ಕಿದೆ. ಮೊದಲ ದಿನಕ್ಕೆ ಒಂದು ವಾಚು ಕೊಡೋಣವೆಂದು ಮತ್ತೆ ನಮ್ಮ ಖಾತೆಯನ್ನೇ ಹುಡುಕಿ ಕೊಂಡಿದ್ದಾಳೆ. ಬಂದ ಮೂರನೆಯ ದಿನಕ್ಕೆ ನಿಂತಿದೆ. ಬರೆದರೆ ಉತ್ತರವಿಲ್ಲ. ಆಗ ಹಳೆಯ ಪೆಟ್ಟಿಗೆಯೊಳಗಿದ್ದ ಚೀಟಿ ನೆನಪಾಗಿದೆ.

"ಬೇರೆಯವರಾಗಿದ್ರೆ ಹೋಗ್ಲಿ ಅಂತ ಬಿಡ್ತಿದ್ದೆ. ನಿಮ್ಮ ಮೇಲೆ ನಂಬಿಕೆ ಇತ್ತು, ಅದಕ್ಕೇ ಬಂದೆ" ಎಂದಳು.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಸಾವಿರದ ಇನ್ನೂರು ಚೀಟಿಗಳು ಜನರ ಮೇಜಿನೊಳಗೆ, ಪೆಟ್ಟಿಗೆಯೊಳಗೆ, ಪರ್ಸಿನೊಳಗೆ ಇವೆ ಎಂಬುದು ಆಗ ನೆನಪಾಯಿತು.

ಅಣ್ಣ ಹೊಸ ದೀಪವನ್ನು ಹತ್ತಿರಕ್ಕೆ ಬಗ್ಗಿಸಿ, ಅವಳು ಪರ್ಸಿನಿಂದ ತೆಗೆದುಕೊಟ್ಟ ಮಗಳ ವಾಚಿನ ಮುಚ್ಚಳ ತೆಗೆದ. ಒಳಗೆ ಆಟಿಕೆಯಂಥ ಅಗ್ಗದ ಯಂತ್ರ, ಅಲ್ಲಾಡದ ಹಾಗೆ ಅಂಟು ಹಾಕಿ ಕೂರಿಸಿದ್ದರು. ಮುಚ್ಚಳದ ಒಳಮೈ ಬೋಳು.

"ಯಾವಾಗ ತಗೊಂಡ್ರಿ ಇದನ್ನ?"

"ಹೋದ ತಿಂಗಳು."

"ಹೋದ ತಿಂಗಳಾ? ಆ ಖಾತೆ ಮುಚ್ಚಿ ನಾಲ್ಕು ತಿಂಗಳಾಯ್ತಲ್ಲ."

ಅವಳು ಫೋನು ತೆರೆದು ತೋರಿಸಿದಳು. ನಮ್ಮ ಹೆಸರು. ನಾನು ತೆಗೆದ ಅಂಗಡಿಯ ಫೋಟೊ, ಅದರ ಮೂಲೆಯಲ್ಲಿ ಅಣ್ಣನ ಭುಜ. ತೊಂಬತ್ತೊಂಬತ್ತು ಚಿಲ್ಲರೆಯೂ ಹಾಗೇ ಇತ್ತು. ಅಣ್ಣ ವಾಚಿನ ವಿವರವನ್ನು ಬೆರಳಿಟ್ಟು ಓದಿದ: "ಯಾವ ದೋಷವೂ ಇಲ್ಲ." ಆ ಸಾಲಿನ ಮೇಲೆ ಅವನ ಬೆರಳು ನಿಂತಿತು. ಹದಿನಾಲ್ಕು ವರ್ಷದಲ್ಲಿ ಅವನು ಒಂದು ವಾಚಿಗೂ ಬರೆಸದ ಮಾತು ಅದು. ಆಮೇಲೆ ತಲೆಯೆತ್ತಿ ನನ್ನ ಕಡೆ ನೋಡಿದ. ನಾನು ತಲೆ ತಗ್ಗಿಸಿದೆ, ಅವನಿಗೆ ಅಷ್ಟು ಸಾಕಾಯಿತು.

ಅವನು ನರ್ಸಿನ ಕಡೆ ತಿರುಗಿ, "ನಮ್ಮಿಂದ ತಪ್ಪಾಗಿದೆ" ಎಂದ. ನಮ್ಮಿಂದ ಎಂದ. ಅವನು ನನ್ನ ಕಡೆ ಕೈ ತೋರಿಸಬಹುದಿತ್ತು, ತೋರಿಸಿದ್ದರೆ ನನಗೆ ಹಗುರಾಗುತ್ತಿತ್ತು.

ಗಾಜಿನ ಕಪಾಟಿನಿಂದ ಒಂದು ವಾಚು ತೆಗೆದ. ದೊಡ್ಡ ಅಂಕಿ, ಕೆಂಪು ಸೆಕೆಂಡಿನ ಮುಳ್ಳು. ಕೀಲಿ ಕೊಟ್ಟು ಕಿವಿಗೆ ಹಿಡಿದು ಕೇಳಿ, ಅವಳಿಗೂ ಕೇಳಿಸಿದ. "ಇದನ್ನ ಮಗಳಿಗೆ ಕೊಡಿ. ದುಡ್ಡು ಬೇಡ." ಆಮೇಲೆ ಅವನು ಹಿಂದೆಂದೂ ಮಾಡದ ಕೆಲಸವೊಂದನ್ನು ಮಾಡಿದ. ಅದರ ಮುಚ್ಚಳ ತೆಗೆದು ದೀಪದ ಕೆಳಗೆ ಹಿಡಿದ. "ಇಲ್ಲಿ ನೋಡಿ. ಈ ತ್ರಿಕೋನ ಇದ್ರೆ ನಾನು ಮಾಡಿದ್ದು. ಇಲ್ದೇ ಇದ್ರೆ ನಂದಲ್ಲ."

ಅವಳು ಬಗ್ಗಿ ನೋಡಿದಳು. ಸ್ವಲ್ಪ ಹಿಂಜರಿದು ಫೋನು ಎತ್ತಿದಳು. "ತಪ್ಪು ತಿಳ್ಕೋಬೇಡಿ, ಒಂದು ಫೋಟೊ ತಗೊಳ್ಳಲಾ? ಆಧಾರಕ್ಕೆ ಇರ್ಲಿ. ಆಮೇಲೆ ಒಂದು ಕಾಗದದಲ್ಲಿ ಬರ್ದು ಸಹಿ ಹಾಕ್ಕೊಡಿ. ಈಗ ಯಾರನ್ನ ನಂಬೋದು ಅಂತಾನೇ ಗೊತ್ತಾಗಲ್ಲ."

"ತಗೊಳ್ಳಿ" ಎಂದ ಅಣ್ಣ. ಕಾಗದದಲ್ಲಿ ಬರೆದು ಸಹಿಯನ್ನೂ ಹಾಕಿದ. ಅವಳು ಅದನ್ನು ಎರಡು ಸಲ ಓದಿ, ಮಡಿಚಿ, ಹಳೆಯ ಚೀಟಿಯ ಜೊತೆಗೇ ಪರ್ಸಿನಲ್ಲಿಟ್ಟುಕೊಂಡಳು. ಅವಳ ತಪ್ಪೇನಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ಗುರುತಿನ ಚೀಟಿಯನ್ನೂ ಕೇಳುತ್ತಿದ್ದೆ.

ಅವಳು ಬಸ್‌ಸ್ಟಾಪಿನ ಕಡೆ ಹೋದ ಮೇಲೆ ಅಣ್ಣ ಚಿಮಟ, ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ಜೋಡಿಸಿಟ್ಟ. ಅವನು ಬೈಯಲಿ ಎಂದು ನಾನು ಕಾದು ನಿಂತಿದ್ದೆ. ಬೈದರೆ ತಿರುಗಿ ಬೈಯಬಹುದು, ತಾಣದವರ ಬಾಕಿ, ಅನ್ಯಾಯ ಎಲ್ಲ ಎತ್ತಾಡಬಹುದು; ಮಾತೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ.

"ಎಷ್ಟಕ್ಕೆ ಹೋಯ್ತು ಪುಟ್ಟಿ?"

ಮೇಜಿನ ಮೇಲೆ ಉರಿಯುತ್ತಿದ್ದ ದೀಪದ ಕಡೆ ನೋಡಿದೆ. ಅವನೂ ಅದನ್ನು ನೋಡಿದ. ಕೈಚಾಚಿ ಅದರ ಗುಂಡಿ ಒತ್ತಿ ಆರಿಸಿದ. ಆಮೇಲೆ ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡು, ಬೀದಿಯ ಬೆಳಕಿನಲ್ಲಿ, ಅರ್ಧಕ್ಕೆ ಬಿಟ್ಟಿದ್ದ ಕೆಲಸ ಮುಂದುವರಿಸಿದ.

ಆ ಖಾತೆಯನ್ನು ನಿಲ್ಲಿಸಿ ಎಂದು ನಾನು ತಾಣದವರಿಗೆ ಎಷ್ಟೋ ಸಲ ಬರೆದೆ. ಮೋಸವಾಗುತ್ತಿದೆ, ಜನ ಹಾಳಾಗುತ್ತಿದ್ದಾರೆ ಎಂದೆ. ಖಾತೆಯ ಒಡೆಯರು ಮಾತ್ರ ಈ ಬಗ್ಗೆ ದೂರು ಕೊಡಬಹುದು, ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ ಎಂದು ಉತ್ತರ ಬಂತು. ಅದು ಈಗಲೂ ಅಲ್ಲಿದೆ. ಮೊದಲ ಪುಟದಲ್ಲೇ ಇದೆ. ಅವರು ಶುಲ್ಕ ಕಟ್ಟುತ್ತಾರೆ.

ನರ್ಸ್ ಬಂದು ಹೋದ ಮೇಲೆ ಇದುವರೆಗೆ ಒಂಬತ್ತು ಜನ ಚೀಟಿ ಹಿಡಿದು ಬಂದಿದ್ದಾರೆ. ಒಬ್ಬರು ಮುದುಕರು ಅಳುತ್ತಾ ಬಂದರು, ಒಬ್ಬ ಯುವಕ ಅಂಗಡಿಯ ಗಾಜಿಗೆ ಗುದ್ದಿ ಬಿರುಕು ಬಿಡಿಸಿ ಹೋದ. ಎಲ್ಲರಿಗೂ ಅಣ್ಣ ಅದೇ ಮಾತು ಹೇಳುತ್ತಾನೆ, ನಮ್ಮಿಂದ ತಪ್ಪಾಗಿದೆ ಎಂದು. ಸರಿಹೋಗುವುದನ್ನು ಸರಿಮಾಡಿ ಕೊಡುತ್ತಾನೆ, ಆಗದಿದ್ದರೆ ಕಪಾಟಿನಿಂದ ಒಂದು ತೆಗೆದು ಕೊಡುತ್ತಾನೆ. ಕಪಾಟಿನ ಮೇಲಿನೆರಡು ಸಾಲು ಖಾಲಿಯಾಗಿವೆ. ನನ್ನ ಜೊತೆ ಎಂದಿನಂತೆಯೇ ಮಾತಾಡುತ್ತಾನೆ. ಉಪ್ಪು ಹೆಚ್ಚಾಯಿತು, ಹಾಲು ಬಂತಾ, ಮಳೆ ಬರಬಹುದು. ಅದನ್ನು ಸಹಿಸುವುದೇ ನನಗೆ ಕಷ್ಟ.

ಹೋದ ವಾರ ಬೀದಿಯ ತುದಿಯ ಔಷಧಿ ಅಂಗಡಿಯವರು ತಮ್ಮ ತಂದೆಯ ವಾಚು ಕೊಟ್ಟಿದ್ದರು. ಎರಡು ದಿನ ಕೂತು ಅಣ್ಣ ಅದನ್ನು ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಜೋಡಿಸಿದ. ಒಂದು ಹಗಲು ಒಂದು ರಾತ್ರಿ ನಿಲ್ಲದೆ ನಡೆಯಿತು. ಬೆಳಗ್ಗೆ ಅವನು ಹಾಲು ತರಲು ಹೋದಾಗ ಅದು ಮೇಜಿನ ಮೇಲೆ, ಮುಚ್ಚಳ ಒತ್ತದೆ, ಬಟ್ಟೆಯ ತುಂಡಿನ ಮೇಲೆ ಇತ್ತು. ಮುಚ್ಚಳವನ್ನು ಮಗುಚಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ.

ಮೇಲೆ ಅಪ್ಪನ ತ್ರಿಕೋನ ಇತ್ತು, ನಾನು ಹುಟ್ಟುವುದಕ್ಕೂ ಮುಂಚಿನ ಒಂದು ವರ್ಷ. ಅದರ ಕೆಳಗೆ ಅಣ್ಣನ ತ್ರಿಕೋನಗಳು ಮೂರು, ಒಳಗೆ ಚುಕ್ಕೆ, ಬೇರೆ ಬೇರೆ ವರ್ಷಗಳು. ನಾಲ್ಕನೆಯದಕ್ಕೆ ಬೇಕಾದಷ್ಟು ಜಾಗವಿತ್ತು. ಅಲ್ಲಿ ಏನೂ ಇರಲಿಲ್ಲ. ಕಪಾಟಿನ ಕೆಳಸಾಲಿನಲ್ಲಿ ಈಚೆಗೆ ಕೆಲಸ ಮುಗಿಸಿಟ್ಟ ಇನ್ನೆರಡು ವಾಚುಗಳನ್ನೂ ತೆಗೆದು ಬಿಚ್ಚಿ ನೋಡಿದೆ. ಅವುಗಳಲ್ಲೂ ಇರಲಿಲ್ಲ.

ಸೂಜಿ ಮೇಜಿನ ಅಂಚಿನ ಪಟ್ಟಿಗೆ ಚುಚ್ಚಿಕೊಂಡು ಎಂದಿನ ಜಾಗದಲ್ಲೇ ಇತ್ತು. ಅದರ ಮೈಗೆ ಧೂಳು ಹಿಡಿದಿತ್ತು. ಹೊರಗೆ ಅಣ್ಣನ ಚಪ್ಪಲಿಯ ಸದ್ದು ಕೇಳಿಸಿತು. ಮುಚ್ಚಳವನ್ನು ಇದ್ದ ಹಾಗೇ ಬಟ್ಟೆಯ ಮೇಲಿಟ್ಟು, ಹಾಲಿನ ಪಾತ್ರೆ ತರಲು ಒಳಗೆ ಹೋದೆ.